ಬಿಸಿ ಚಾಕೊಲೇಟ್

ಬಿಸಿ ಚಾಕೊಲೇಟ್ ಎಂಬುದು ಕೋಕೋ ಪುಡಿಯನ್ನು ಅಥವಾ ತುರಿದ ಚಾಕೊಲೇಟನ್ನು ಬಿಸಿ ಹಾಲಿನಲ್ಲಿ ಇಲ್ಲವೇ ನೀರಿನಲ್ಲಿ ಕದಡಿ, ಸಿಹಿ ಸೇರಿಸಿ ತಯಾರಿಸುವ ಪಾನೀಯ. ಏಲಕ್ಕಿ, ದಾಲ್ಚಿನ್ನಿ, ಜಾಯಿಕಾಯಿ, ಶುಂಠಿ, ಕಾಳುಮೆಣಸು, ವೆನಿಲಾ ಮೊದಲಾದವುಗಳಿಂದ ಇದಕ್ಕೆ ಪರಿಮಳ ಕೊಡುವ ರೂಢಿಯಿದೆ. ಯುರೋಪ್ ಮತ್ತು ಅಮೆರಿಕದ ದೇಶಗಳಲ್ಲಿ ಇದು ಚಳಿಗಾಲದ, ಅದರಲ್ಲೂ ಕ್ರಿಸ್‌ಮಸ್ ರಜೆಯ ದಿನಗಳ ಪಾನೀಯವೆಂದು ಹೆಸರಾಗಿದೆ. ಕರ್ನಾಟಕದ ಕರಾವಳಿಯಲ್ಲಿ, ಕಾರವಾರ ಮತ್ತು ಅಂಕೋಲಾದಂತಹ ಊರುಗಳ ಮನೆಗಳಲ್ಲಿ, ಚಳಿಗಾಲದ ಬಿಸಿ ಪಾನೀಯವೆಂದರೆ ಮೊದಲಿನಿಂದಲೂ ಕಷಾಯ. ಬಿಸಿ ಚಾಕೊಲೇಟ್ ಅಲ್ಲಿಗೆ ಈಚಿನದು. ಆದರೆ ಅದಕ್ಕೆ ಬೇಕಾಗುವ ಕೋಕೋ ಇದೇ ಕರಾವಳಿ ಮತ್ತು ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೆಳೆಯುತ್ತದೆ, ಪರಿಮಳಕ್ಕೆ ಬೇಕಾಗುವ ಸಂಬಾರ ಪದಾರ್ಥಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲೇ ಸಿಗುತ್ತವೆ.

ಹೆಸರು ಮತ್ತು ಬಗೆಗಳು

‘ಚಾಕೊಲೇಟ್’ ಎಂಬ ಪದ ಮೆಕ್ಸಿಕೋದ ನಹುವಾತ್ಲ್ ಭಾಷೆಯಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಹರಡಿತೆಂಬುದು ಸಾಮಾನ್ಯ ಅಭಿಪ್ರಾಯ. ಅದರ ಮೂಲ ರೂಪದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೋಕೋ ಮರದ ಕುಲಕ್ಕೆ ಲಿನೇಯಸ್ 1753ರಲ್ಲಿ ‘ಥಿಯೋಬ್ರೋಮಾ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ದೇವತೆಗಳ ಆಹಾರ’ ಎಂಬ ಅರ್ಥವಿದೆ.

ಅಂಗಡಿಯಲ್ಲಿ ಮೂರು ಬೇರೆ ಬೇರೆ ವಸ್ತುಗಳು ಒಂದೇ ಬಗೆಯ ಡಬ್ಬಗಳಲ್ಲಿ ಸಿಗುವುದರಿಂದ ಗೊಂದಲ ಉಂಟಾಗುತ್ತದೆ. ಕೋಕೋ ಪುಡಿ ಎಂದರೆ ಹುರಿದ ಕೋಕೋ ಬೀಜವನ್ನು ಅರೆದು, ಕೊಬ್ಬಿನ ಬಹುಭಾಗವನ್ನು ಹಿಂಡಿ ತೆಗೆದ ಬಳಿಕ ಉಳಿಯುವ ಹಿಂಡಿಯ ಪುಡಿ. ಇದರಲ್ಲಿ ಸಕ್ಕರೆ ಇರುವುದಿಲ್ಲ, ರುಚಿ ಕಹಿ. ಡ್ರಿಂಕಿಂಗ್ ಚಾಕೊಲೇಟ್ ಎಂದರೆ ಕೋಕೋ ಪುಡಿಗೆ ಸಕ್ಕರೆಯನ್ನು ಮೊದಲೇ ಬೆರೆಸಿದ ಮಿಶ್ರಣ. ಸಾಮಾನ್ಯವಾಗಿ ಇದರಲ್ಲಿ ಕೋಕೋಗಿಂತ ಸಕ್ಕರೆಯೇ ಹೆಚ್ಚು. ಮೂರನೆಯದು ಚಾಕೊಲೇಟ್ ಗಟ್ಟಿ. ಇದರಲ್ಲಿ ಕೋಕೋದ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಉಳಿದಿರುತ್ತದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಪುಡಿಯಿಂದ ಮಾಡಿದ್ದು ‘ಬಿಸಿ ಕೋಕೋ’, ಗಟ್ಟಿಯನ್ನು ಕರಗಿಸಿ ಮಾಡಿದ್ದು ‘ಬಿಸಿ ಚಾಕೊಲೇಟ್’. ಬಳಕೆಯಲ್ಲಿ ಈ ಭೇದವನ್ನು ಯಾರೂ ಪಾಲಿಸುವುದಿಲ್ಲ. ಆದರೆ ಕೋಕೋ ಪುಡಿಯ ಅಳತೆಯನ್ನು ಓದಿ ಡ್ರಿಂಕಿಂಗ್ ಚಾಕೊಲೇಟ್ ಹಾಕಿದರೆ ಬಣ್ಣ ಮಾತ್ರ ಬರುತ್ತದೆ, ರುಚಿ ಬರುವುದಿಲ್ಲ.

ಇತಿಹಾಸ

ಚಾಕೊಲೇಟನ್ನು ತಿನ್ನುವುದಕ್ಕಿಂತ ಬಹಳ ಮೊದಲೇ ಜನರು ಅದನ್ನು ಕುಡಿಯುತ್ತಿದ್ದರು. ಕೋಕೋ ಬಳಕೆಯ ಅತ್ಯಂತ ಹಳೆಯ ಕುರುಹುಗಳು ಈಕ್ವೆಡಾರ್ ದೇಶದ ಸಾಂತಾ ಆನಾ–ಲಾ ಫ್ಲೋರಿಡಾ ಎಂಬ ಪ್ರಾಚೀನ ನೆಲೆಯಲ್ಲಿ ದೊರೆತಿವೆ. ಅಲ್ಲಿನ ಮಣ್ಣಿನ ಪಾತ್ರೆಗಳಲ್ಲಿ ಸುಮಾರು 5,300 ವರ್ಷಗಳ ಹಿಂದಿನ ಕೋಕೋ ಅಂಶವನ್ನು ಗುರುತಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಂದೆ ಮಧ್ಯ ಅಮೆರಿಕದ ಮಾಯಾ ಮತ್ತು ಅಜ್ಟೆಕ್ ಜನರು ಹುರಿದ ಬೀಜವನ್ನು ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ಕದಡಿ, ಮೆಣಸಿನಕಾಯಿ, ವೆನಿಲಾ ಮೊದಲಾದವನ್ನು ಸೇರಿಸಿ ಕುಡಿಯುತ್ತಿದ್ದರು. ಸಕ್ಕರೆ ಅವರಿಗೆ ತಿಳಿದಿರಲಿಲ್ಲ. ಪಾನೀಯದ ಮೇಲಿನ ನೊರೆಗೆ ಅವರು ಬಹಳ ಬೆಲೆ ಕೊಡುತ್ತಿದ್ದರು. ನೊರೆ ಬರಿಸಲು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುತ್ತಿದ್ದರು. ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುವುದನ್ನು ಕಂಡವರಿಗೆ ಈ ವಿಧಾನ ಅಪರಿಚಿತವೆನಿಸದು.

16ನೆಯ ಶತಮಾನದಲ್ಲಿ ಸ್ಪೇನಿನವರು ಈ ಪಾನೀಯವನ್ನು ಯುರೋಪಿಗೆ ಒಯ್ದರು. ಅಲ್ಲಿ ಮೆಣಸಿನಕಾಯಿಯ ಸ್ಥಾನಕ್ಕೆ ಸಕ್ಕರೆ ಮತ್ತು ದಾಲ್ಚಿನ್ನಿ ಬಂದವು, ಬಿಸಿಯಾಗಿ ಕುಡಿಯುವುದು ನೆಲೆಗೊಂಡಿತು. ಲಂಡನ್ನಿನ ಮೊದಲ ಚಾಕೊಲೇಟ್ ಮಂದಿರ 1657ರಲ್ಲಿ ಆರಂಭವಾಯಿತು. 1828ರಲ್ಲಿ ನೆದರ್ಲೆಂಡ್ಸ್‌ನ ವ್ಯಾನ್ ಹೌಟನ್ ಕುಟುಂಬವು ಕೋಕೋ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆಯಿತು. ಇಂದಿನ ಕೋಕೋ ಪುಡಿ ಸಾಧ್ಯವಾದದ್ದು ಈ ಯಂತ್ರದಿಂದಲೇ. ಪುಡಿಯನ್ನು ಕ್ಷಾರದಿಂದ ಸಂಸ್ಕರಿಸಿ ಅದರ ಹುಳಿ ತಗ್ಗಿಸುವ ವಿಧಾನವೂ ಅದೇ ಮನೆತನದ್ದು. ಹೀಗೆ ಸಂಸ್ಕರಿಸಿದ ಪುಡಿಯನ್ನು ಇಂದಿಗೂ ‘ಡಚ್’ ಕೋಕೋ ಎನ್ನುತ್ತಾರೆ. ತಿನ್ನುವ ಚಾಕೊಲೇಟ್ ಗಟ್ಟಿಯನ್ನು ಇಂಗ್ಲೆಂಡಿನ ಫ್ರೈ ಸಂಸ್ಥೆ ತಯಾರಿಸಿದ್ದು 1847ರಲ್ಲಿ.

ಕರ್ನಾಟಕದಲ್ಲಿ ಕೋಕೋ

ಭಾರತಕ್ಕೆ ಕೋಕೋ ಗಿಡ ಬಂದದ್ದು 1798ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ತಮಿಳುನಾಡಿನ ಕುಟ್ರಾಲಂನಲ್ಲಿ ಅದನ್ನು ನೆಡಲಾಯಿತು. ಅದು ವಾಣಿಜ್ಯ ಬೆಳೆಯಾದದ್ದು 1960ರ ದಶಕದ ನಂತರ. ನೆರಳನ್ನು ಸಹಿಸುವ ಈ ಮರ ಅಡಿಕೆ ಮತ್ತು ತೆಂಗಿನ ತೋಟಗಳ ನಡುವೆ ಚೆನ್ನಾಗಿ ಹೊಂದಿಕೊಂಡಿತು. ದಕ್ಷಿಣ ಕನ್ನಡ, ಕಾಸರಗೋಡು ಭಾಗದ ರೈತರು ಇದನ್ನು ಉಪಬೆಳೆಯಾಗಿ ಬೆಳೆಸತೊಡಗಿದರು, ಉತ್ತರ ಕನ್ನಡದ ತೋಟಗಳಿಗೂ ಇದು ಬಂದಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ವಿಟ್ಲದಲ್ಲಿರುವ ತನ್ನ ಪ್ರಾದೇಶಿಕ ಕೇಂದ್ರದಲ್ಲಿ ಕೋಕೋದ ಹೊಸ ತಳಿಗಳನ್ನು ಅಭಿವೃದ್ಧಿಪಡಿಸಿದೆ.

1970ರ ದಶಕದಲ್ಲಿ ಬೇಡಿಕೆಯನ್ನು ನಂಬಿ ಬಹಳಷ್ಟು ರೈತರು ಕೋಕೋ ನೆಟ್ಟರು. ಗಿಡಗಳು ಫಲ ಕೊಡುವ ಹೊತ್ತಿಗೆ, ಆ ದಶಕದ ಕೊನೆಯಲ್ಲಿ, ಅಂತರರಾಷ್ಟ್ರೀಯ ಬೆಲೆ ಕುಸಿಯಿತು ಮತ್ತು ಖರೀದಿ ಕುಗ್ಗಿತು. ಕೋಕೋ ಕಾಯಿಯನ್ನು ಕೊಯ್ದ ಮೇಲೆ ಅಡಿಕೆಯಂತೆ ಒಣಗಿಸಿ ಚೀಲದಲ್ಲಿಟ್ಟು ಬೆಲೆಗಾಗಿ ಕಾಯುವುದು ಸುಲಭವಲ್ಲ. ಕಾಯಿ ಒಡೆದ ಕೂಡಲೇ ಲೋಳೆಯುಕ್ತ ಹಸಿ ಬೀಜವನ್ನು ಮಾರಬೇಕು, ಇಲ್ಲವೇ ರಾಶಿ ಹಾಕಿ ಐದಾರು ದಿನ ಹುದುಗಿಸಿ ಬಿಸಿಲಿನಲ್ಲಿ ಒಣಗಿಸಬೇಕು. ಮಳೆಗಾಲದ ಕರಾವಳಿಯಲ್ಲಿ ಈ ಒಣಗಿಸುವ ಕೆಲಸವೇ ಕಷ್ಟ. ಕೊಳ್ಳುವವರಿಲ್ಲದೆ ಅನೇಕರು ಗಿಡಗಳನ್ನೇ ಕಡಿದು ಹಾಕಿದರು.

ಈ ಸಂದರ್ಭದಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು ಕೋಕೋ ಖರೀದಿಗೆ ಇಳಿಯಿತು. ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರಿಗಾಗಿ 1973ರ ಜುಲೈ 11ರಂದು ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪನೆಯಾದ ಈ ಸಂಸ್ಥೆಯ ಸ್ಥಾಪಕಾಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು. ಬೀಜವನ್ನು ಕೊಂಡರಷ್ಟೇ ಸಾಲದು, ಅದನ್ನು ಬಳಸುವವರೂ ಬೇಕು ಎಂಬ ಕಾರಣದಿಂದ ಸಂಸ್ಥೆಯು ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಟ್ಟಿತು. ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್ 1986ರ ಸೆಪ್ಟೆಂಬರ್ 1ರಂದು ಅದನ್ನು ಉದ್ಘಾಟಿಸಿದರು. ರೈತರ ಸಹಕಾರಿಯೊಂದು ಬೀಜದಿಂದ ಮಿಠಾಯಿಯವರೆಗಿನ ಕೆಲಸವನ್ನು ತಾನೇ ಕೈಗೆತ್ತಿಕೊಂಡದ್ದು ಕೋಕೋ ಬೆಳೆಯುವ ನಾಡುಗಳಲ್ಲಿ ಅಪರೂಪದ ಸಂಗತಿ. ಆ ಕಾರ್ಖಾನೆಯ ‘ವಿನ್ನರ್’ ಎಂಬ ಡ್ರಿಂಕಿಂಗ್ ಚಾಕೊಲೇಟ್ ಪುಡಿ ಕರಾವಳಿಯ ಅಂಗಡಿಗಳಲ್ಲಿ ಪರಿಚಿತ.

ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳದು. ಅಲ್ಲಿ ಫಸಲು ಕೈಕೊಟ್ಟದ್ದರಿಂದ 2024ರಲ್ಲಿ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು, ಕರ್ನಾಟಕದಲ್ಲೂ ಹಸಿ ಬೀಜದ ಧಾರಣೆ ಗಗನಕ್ಕೇರಿತು. ಬೆಲೆ ಕುಸಿದಾಗ ಗಿಡ ಕಡಿದವರಿಗೆ ಈ ಏರಿಕೆಯಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಕಾರವಾರ ಮತ್ತು ಅಂಕೋಲಾದ ಚಳಿಗಾಲ

ಕಾಳಿ ನದಿಯ ಮುಖದಲ್ಲಿರುವ ಕಾರವಾರ ಉತ್ತರ ಕನ್ನಡದ ಜಿಲ್ಲಾ ಕೇಂದ್ರ. ಅದರ ದಕ್ಷಿಣಕ್ಕೆ, ಗಂಗಾವಳಿ ನದಿಯ ಈಚೆಗೆ ಅಂಕೋಲಾ ಇದೆ. ಸಮುದ್ರದ ಸಾಮೀಪ್ಯದಿಂದಾಗಿ ಇಲ್ಲಿ ಕಡುಚಳಿ ಇಲ್ಲ. ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಮಧ್ಯಾಹ್ನ ಬಿಸಿಲು ಚುರುಕಾಗಿಯೇ ಇರುತ್ತದೆ. ಹಿಮ ಸುರಿಯುವ ದೇಶದ ದೊಡ್ಡ ಲೋಟ, ಅದರ ಮೇಲೆ ಗುಡ್ಡೆ ಹಾಕಿದ ಕೆನೆ ಇಲ್ಲಿನ ಹವೆಗೆ ಹೊಂದುವುದಿಲ್ಲ. ಮುಂಜಾನೆಯ ಇಬ್ಬನಿಯಲ್ಲೋ ರಾತ್ರಿಯ ತಂಗಾಳಿಯಲ್ಲೋ ಕುಡಿಯುವ ಸಣ್ಣ ಲೋಟವೇ ಸಾಕಾಗುತ್ತದೆ.

ಈ ಹೊತ್ತಿಗೆ ಇಲ್ಲಿನ ಮನೆಗಳಲ್ಲಿ ಕಷಾಯವಿರುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೆಂತ್ಯಗಳನ್ನು ಹುರಿದು ಪುಡಿ ಮಾಡಿಟ್ಟುಕೊಂಡು, ನೀರಿನಲ್ಲಿ ಕುದಿಸಿ, ಬೆಲ್ಲ ಮತ್ತು ಹಾಲು ಬೆರೆಸಿ ಕುಡಿಯುತ್ತಾರೆ. ಏಲಕ್ಕಿ, ಜಾಯಿಕಾಯಿ, ಒಣಶುಂಠಿಗಳ ಪ್ರಮಾಣ ಮನೆಯಿಂದ ಮನೆಗೆ ಬೇರೆ. ಸಂಬಾರವನ್ನು ಮೊದಲು ನೀರಿನಲ್ಲಿ ಕುದಿಸಿ, ಹಾಲನ್ನು ಆಮೇಲೆ ಸೇರಿಸುವ ಕಷಾಯದ ಕ್ರಮವೇ ಪರಿಮಳದ ಬಿಸಿ ಚಾಕೊಲೇಟ್ ಮಾಡಲು ಸರಿಯಾದ ಕ್ರಮವೂ ಹೌದು. ಕಷಾಯ ಮಾಡಬಲ್ಲವರು ಹೊಸದಾಗಿ ಕಲಿಯಬೇಕಾದದ್ದು ಕೋಕೋ ಪುಡಿಯ ಸ್ವಭಾವವನ್ನು ಮಾತ್ರ.

ಕಾರವಾರದಲ್ಲಿ ಕ್ರೈಸ್ತರ ಸಂಖ್ಯೆ ಗಮನಾರ್ಹವಾಗಿದೆ. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ ರಚನೆಯಾಯಿತು. ಕ್ರಿಸ್‌ಮಸ್ ಕಾಲದಲ್ಲಿ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಎಂದು ಕರೆಯುವ ತಿಂಡಿಗಳು ಸಿದ್ಧವಾಗುತ್ತವೆ. ನೆವ್ರಿ, ಕುಲ್‌ಕುಲ್, ಅಕ್ಕಿ ಹಿಟ್ಟು–ತೆಂಗಿನ ಹಾಲು–ಬೆಲ್ಲದ ದೊದೊಲ್ ಮೊದಲಾದ ಇವೆಲ್ಲ ಸಿಹಿಯಾದ ತಿಂಡಿಗಳು. ಇವುಗಳ ಜೊತೆಗೆ ಕೊಡುವ ಬಿಸಿ ಚಾಕೊಲೇಟಿಗೆ ಸಕ್ಕರೆಯನ್ನು ಅರ್ಧಕ್ಕೆ ಇಳಿಸುವುದು ಒಳ್ಳೆಯದು. ಕೋಕೋದ ಕಹಿ ಆಗಲೇ ಹಿತವಾಗಿ ತೋರುತ್ತದೆ.

ಸಾಮಗ್ರಿ

ಎರಡು ಲೋಟ ಪಾನೀಯಕ್ಕೆ 400 ಮಿಲಿಲೀಟರ್ ಹಾಲು, ಎರಡು ದೊಡ್ಡ ಚಮಚ ಕೋಕೋ ಪುಡಿ, ಎರಡು ದೊಡ್ಡ ಚಮಚ (ಸುಮಾರು 25 ಗ್ರಾಂ) ಸಕ್ಕರೆ, ಮೂರು ದೊಡ್ಡ ಚಮಚ ನೀರು ಮತ್ತು ಚಿಟಿಕೆ ಉಪ್ಪು ಬೇಕು. ಉಪ್ಪು ಕಹಿಯನ್ನು ಹದಗೊಳಿಸುತ್ತದೆ, ಅದನ್ನು ಬಿಡಬಾರದು. ಇನ್ನಷ್ಟು ಗಾಢವಾಗಿ ಬೇಕೆನಿಸಿದರೆ 30 ಗ್ರಾಂನಷ್ಟು ಕಪ್ಪು ಚಾಕೊಲೇಟನ್ನು ತುರಿದು ಸೇರಿಸಬಹುದು.

ಚಾಕೊಲೇಟ್ ಗಟ್ಟಿಯನ್ನು ಕೊಳ್ಳುವಾಗ ಹೊದಿಕೆಯ ಮೇಲಿನ ಸಾಮಗ್ರಿಗಳ ಪಟ್ಟಿಯನ್ನು ಓದಬೇಕು. ‘ಕಾಂಪೌಂಡ್’ ಎಂದು ಮಾರಾಟವಾಗುವ ಗಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಕೇಕಿನ ಅಲಂಕಾರಕ್ಕೆ ಅದು ನಡೆಯುತ್ತದೆ, ಹಾಲಿನಲ್ಲಿ ಕರಗಿಸಿದರೆ ಮೇಲೆ ಎಣ್ಣೆಯ ಪದರ ಕಟ್ಟಿ ನಾಲಿಗೆಗೆ ಅಂಟುತ್ತದೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಕರಾವಳಿಯ ಮಧ್ಯಾಹ್ನದ ಸೆಕೆಯಲ್ಲಿ ಗಟ್ಟಿ ಮೆತ್ತಗಾಗಿ, ರಾತ್ರಿ ಮತ್ತೆ ಗಟ್ಟಿಯಾಗುವಾಗ ಮೇಲೆ ಬಿಳಿ ಪೊರೆ ಬರುವುದುಂಟು. ಇದು ಬೂಸ್ಟಲ್ಲ, ಮೇಲೆದ್ದು ಹರಳಾದ ಕೊಬ್ಬು. ಅಂಥ ಗಟ್ಟಿ ತಿನ್ನಲು ಚೆನ್ನಾಗಿರದಿದ್ದರೂ ಕರಗಿಸಿ ಕುಡಿಯಲು ಯಾವ ತೊಂದರೆಯೂ ಇಲ್ಲ.

ತಯಾರಿಸುವ ವಿಧಾನ

ಕೋಕೋ ಪುಡಿ ಸಕ್ಕರೆಯಂತೆ ಕರಗುವ ವಸ್ತುವಲ್ಲ. ಅದರಲ್ಲಿ ನಾರು, ಪಿಷ್ಟ ಮತ್ತು ಕೊಬ್ಬು ಇರುವುದರಿಂದ ದ್ರವದಲ್ಲಿ ಸಣ್ಣ ಕಣಗಳಾಗಿ ತೇಲಿಕೊಂಡಿರುತ್ತದೆ. ಪುಡಿಯನ್ನು ನೇರವಾಗಿ ಬಿಸಿ ಹಾಲಿಗೆ ಸುರಿದರೆ ಹೊರಭಾಗ ಒದ್ದೆಯಾಗಿ ಒಳಗೆ ಒಣಪುಡಿ ಉಳಿದ ಗಂಟುಗಳಾಗುತ್ತವೆ. ಎಷ್ಟು ಕದಡಿದರೂ ಅವು ಸುಲಭವಾಗಿ ಒಡೆಯುವುದಿಲ್ಲ. ಮನೆಯಲ್ಲಿ ಮಾಡಿದ ಬಿಸಿ ಚಾಕೊಲೇಟ್ ಕೆಡುವುದು ಹೆಚ್ಚಾಗಿ ಈ ಒಂದು ಹಂತದಲ್ಲಿ.

ಇದನ್ನು ತಪ್ಪಿಸಲು ಪಾತ್ರೆಗೆ ಮೊದಲು ಕೋಕೋ ಪುಡಿ, ಸಕ್ಕರೆ ಮತ್ತು ಉಪ್ಪನ್ನು ಒಣದಾಗಿಯೇ ಹಾಕಿ ಬೆರೆಸಬೇಕು. ಸಕ್ಕರೆಯ ಹರಳುಗಳು ಪುಡಿಯ ಕಣಗಳನ್ನು ಬೇರ್ಪಡಿಸುತ್ತವೆ. ಬಳಿಕ ಮೂರು ಚಮಚ ಬಿಸಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ನುಣುಪಾದ ಹಿಟ್ಟಿನಂತೆ ಕಲಸಬೇಕು. ರಾಗಿ ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವ ಉದ್ದೇಶವೂ ಇದೇ. ಈ ಹಿಟ್ಟನ್ನು ಸಣ್ಣ ಉರಿಯಲ್ಲಿ ಒಂದು ನಿಮಿಷ ಗುಳ್ಳೆ ಬರುವವರೆಗೆ ಕಾಯಿಸಿದರೆ ಕೋಕೋದ ಹಸಿ ವಾಸನೆ ಹೋಗುತ್ತದೆ, ಪಿಷ್ಟ ಬೆಂದು ಪಾನೀಯಕ್ಕೆ ಮೈ ಬರುತ್ತದೆ. ಆಮೇಲೆ ಹಾಲನ್ನು ಎರಡು ಮೂರು ಕಂತುಗಳಲ್ಲಿ ಸೇರಿಸುತ್ತ ಕದಡಬೇಕು. ಕುದಿ ಬರುವ ಮುನ್ನವೇ, ಪಾತ್ರೆಯ ಅಂಚಿನಲ್ಲಿ ಗುಳ್ಳೆ ಕಾಣಿಸಿದಾಗ ಇಳಿಸಬೇಕು. ಹಸಿ ಹಾಲಾದರೆ ಮೊದಲೇ ಬೇರೆಯಾಗಿ ಕುದಿಸಿಟ್ಟುಕೊಂಡಿರಬೇಕು. ತುರಿದ ಚಾಕೊಲೇಟ್ ಹಾಕುವುದಿದ್ದರೆ ಇಳಿಸಿದ ಮೇಲೆ ಹಾಕಬೇಕು, ಏಕೆಂದರೆ ಒಲೆಯ ಮೇಲೆ ಹಾಕಿದರೆ ಅದು ತಳಕ್ಕೆ ಹತ್ತುತ್ತದೆ.

ಹಾಲು ಆರುವಾಗ ಮೇಲೆ ಕಟ್ಟುವ ಕೆನೆಪದರ ಹಾಲಿನ ಪ್ರೋಟೀನ್ ಮತ್ತು ಕೊಬ್ಬಿನದು. ಕಡೆದು ನೊರೆ ಬರಿಸಿದರೆ ಅದು ಬೇಗ ಕಟ್ಟುವುದಿಲ್ಲ. ಇದಕ್ಕೆ ಮೆಕ್ಸಿಕೋದಲ್ಲಿ ‘ಮೊಲಿನಿಯೋ’ ಎಂಬ ಮರದ ಕೋಲನ್ನು ಬಳಸುತ್ತಾರೆ. ಕೆತ್ತಿದ ತಲೆಯುಳ್ಳ ಈ ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು ಹೊಸೆಯುತ್ತಾರೆ. ಮಜ್ಜಿಗೆ ಕಡೆಯುವ ಸಣ್ಣ ಕಡೆಗೋಲು ಅದರ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ. ಮಜ್ಜಿಗೆಗೆ ಬಳಸಿದ ಕಡೆಗೋಲನ್ನು ಬಿಸಿ ನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು, ಇಲ್ಲದಿದ್ದರೆ ಅದರ ಹುಳಿಗೆ ಹಾಲು ಒಡೆದೀತು.

ಪರಿಮಳಗಳು

ಕಾರವಾರದ ಹೆಸರು ಯುರೋಪಿನ ವ್ಯಾಪಾರಿಗಳಿಗೆ ತಿಳಿದದ್ದು ಕಾಳುಮೆಣಸಿನಿಂದ. ಇಂಗ್ಲೆಂಡಿನ ಕೋರ್ಟೀನ್ ಕೂಟದ ವ್ಯಾಪಾರಿಗಳು 1638ರಲ್ಲಿ ಇಲ್ಲಿ ಕೋಠಿ ತೆರೆದರು. ಘಟ್ಟದ ಮೇಲಿನ ಮೆಣಸು ಈ ಬಂದರಿನಿಂದ ಹಡಗೇರುತ್ತಿತ್ತು. ಯುರೋಪಿನಲ್ಲಿ ಚಾಕೊಲೇಟಿಗೆ ಬೆರೆಸಿದ ಸಂಬಾರಗಳಲ್ಲಿ ಏಷ್ಯಾದ ಮೆಣಸು, ದಾಲ್ಚಿನ್ನಿಗಳು ಸೇರಿದ್ದವು. ಅತ್ತ ಅಮೆರಿಕದ ಮೆಣಸಿನಕಾಯಿ, ವೆನಿಲಾ, ಕೋಕೋಗಳು ಕಾಲಾಂತರದಲ್ಲಿ ಇತ್ತ ಬಂದು ಕರ್ನಾಟಕದ ಮಣ್ಣಿನಲ್ಲಿ ಬೇರೂರಿದವು.

ಏಲಕ್ಕಿ ಹಾಲಿಗೆ ಎಲ್ಲಕ್ಕಿಂತ ಸುಲಭವಾಗಿ ಹೊಂದುವ ಪರಿಮಳ. ಎರಡು ಲೋಟಕ್ಕೆ ಎರಡು ಕಾಯಿ ಜಜ್ಜಿ ಹಾಕಿದರೆ ಸಾಕು, ಹೆಚ್ಚಾದರೆ ಕೋಕೋ ಮರೆಯಾಗಿ ಪಾಯಸದ ವಾಸನೆ ಬರುತ್ತದೆ. ದಾಲ್ಚಿನ್ನಿಯನ್ನು ಪುಡಿಯಾಗಿ ಹಾಕುವುದಕ್ಕಿಂತ ಬೆರಳುದ್ದದ ಚಕ್ಕೆಯಾಗಿ ನೀರಿನಲ್ಲಿ ಕುದಿಸಿ ತೆಗೆಯುವುದು ಉತ್ತಮ. ಪುಡಿಯು ಲೋಟದ ಮೇಲೆ ತೇಲಿ ಗಂಟಲಿಗೆ ಹತ್ತುತ್ತದೆ. ಕಾಳುಮೆಣಸು ಮೂರು ನಾಲ್ಕು ಕಾಳು, ತರಿತರಿಯಾಗಿ ಕುಟ್ಟಿದ್ದು ಸಾಕು. ಇದರ ಖಾರ ಕುಡಿದ ಮೇಲೆ ಗಂಟಲಿನಲ್ಲಿ ನಿಧಾನವಾಗಿ ತಿಳಿಯುತ್ತದೆ. ಅಜ್ಟೆಕ್ ಕ್ರಮದಂತೆ ಮೆಣಸಿನಕಾಯಿ ಬೇಕೆನ್ನುವವರು ಬ್ಯಾಡಗಿ ಮೆಣಸಿನಕಾಯಿಯ ಒಂದು ತುಂಡನ್ನು ಬೀಜ ತೆಗೆದು ನೀರಿನಲ್ಲಿ ಕುದಿಸಿ ಸೋಸಬಹುದು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ.

ಜಾಯಿಕಾಯಿಯ ವಿಷಯದಲ್ಲಿ ಎಚ್ಚರ ಬೇಕು. ತುರಿಯುವ ಸಾಧನದ ಮೇಲೆ ಎರಡು ಬಾರಿ ಉಜ್ಜಿದಷ್ಟು ಪುಡಿ ಎರಡು ಲೋಟಕ್ಕೆ ಸಾಕು. ಅದರಲ್ಲಿರುವ ಮಿರಿಸ್ಟಿಸಿನ್ ಮೊದಲಾದ ರಾಸಾಯನಿಕಗಳಿಂದಾಗಿ ಒಂದೆರಡು ಚಮಚದಷ್ಟು ಪುಡಿಯನ್ನು ಸೇವಿಸಿದರೆ ವಾಂತಿ, ಎದೆಬಡಿತ, ಭ್ರಮೆ ಉಂಟಾಗಬಹುದು. ನಿದ್ದೆ ಬರುತ್ತದೆಂದು ಮಕ್ಕಳ ಹಾಲಿಗೆ ಹೆಚ್ಚು ಹಾಕುವುದು ಅಪಾಯಕರ.

ಹಸಿ ಶುಂಠಿಯನ್ನು ಜಜ್ಜಿ ನೇರವಾಗಿ ಬೆಚ್ಚಗಿನ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಶುಂಠಿಯಲ್ಲಿರುವ ಪ್ರೋಟೀನ್ ಒಡೆಯುವ ಕಿಣ್ವವೇ ಇದಕ್ಕೆ ಕಾರಣ. ಚೀನಾದಲ್ಲಿ ಶುಂಠಿ ರಸದಿಂದಲೇ ಹಾಲನ್ನು ಗಟ್ಟಿ ಮಾಡುವ ಸಿಹಿತಿಂಡಿಯೊಂದಿದೆ. ಶುಂಠಿಯನ್ನು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿದರೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ, ಬಳಿಕ ಹಾಲು ಸೇರಿಸಬಹುದು. ಒಣಶುಂಠಿ ಪುಡಿಯನ್ನೂ ಹೀಗೆಯೇ ನೀರಿನಲ್ಲಿ ಕುದಿಸಿ ಬಳಸುವುದು ಕ್ಷೇಮ.

ವೆನಿಲಾ ಉತ್ತರ ಕನ್ನಡ ಮತ್ತು ಮಲೆನಾಡಿನ ರೈತರಿಗೆ ಕೋಕೋದಂತೆಯೇ ಏರಿಳಿತದ ಪಾಠ ಕಲಿಸಿದ ಬೆಳೆ. 2000ದ ದಶಕದ ಆರಂಭದಲ್ಲಿ ಅದರ ಬೆಲೆ ಏರಿದಾಗ ತೋಟ ತೋಟಗಳಲ್ಲಿ ಬಳ್ಳಿ ನೆಟ್ಟರು, ಕೆಲವೇ ವರ್ಷಗಳಲ್ಲಿ ಬೆಲೆ ನೆಲ ಕಚ್ಚಿತು. ಸಂಸ್ಕರಿಸಿದ ವೆನಿಲಾ ಕೋಡು ಸಿಕ್ಕರೆ ಕಾಲು ಭಾಗವನ್ನು ಸೀಳಿ ಹಾಲಿನಲ್ಲಿ ಕಾಯಿಸಿದರೆ ಸಾಕು. ಬಾಟಲಿಯ ಎಸೆನ್ಸನ್ನು ಇಳಿಸಿದ ಮೇಲೆ ಎರಡು ಹನಿಯಷ್ಟೇ ಹಾಕಬೇಕು.

ಕಿತ್ತಳೆಯ ಸಿಪ್ಪೆಯನ್ನು ಹೊರಪದರದಷ್ಟೇ ತುರಿದು ಸೇರಿಸಬಹುದು, ರಸ ತಾಗಿದರೆ ಹಾಲು ಒಡೆಯುತ್ತದೆ. ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಕೋಕೋದ ರುಚಿಯನ್ನು ಮೇಲೆತ್ತುತ್ತದೆ. ಎಲ್ಲ ಪರಿಮಳಗಳನ್ನೂ ಒಂದೇ ಪಾತ್ರೆಯಲ್ಲಿ ಹಾಕುವುದು ಬೇಡ, ಒಂದು ಅಥವಾ ಎರಡು ಸಾಕು.

ಬೆಲ್ಲ ಮತ್ತು ತೆಂಗಿನ ಹಾಲು

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಕೋಕೋಗೆ ಸುಟ್ಟ ಸಕ್ಕರೆಯಂತಹ ಆಳವಾದ ಸಿಹಿ ಬರುತ್ತದೆ. ಮೆಕ್ಸಿಕೋದಲ್ಲಿಯೂ ‘ಪಿಲೊನ್ಸಿಯೋ’ ಎಂಬ ಕಬ್ಬಿನ ಬೆಲ್ಲದಿಂದಲೇ ಚಾಕೊಲೇಟ್ ಪಾನೀಯಕ್ಕೆ ಸಿಹಿ ಕೊಡುವ ರೂಢಿಯಿದೆ. ಆದರೆ ಹಸುವಿನ ಹಾಲು ಕುದಿಯುತ್ತಿರುವಾಗ ಬೆಲ್ಲ ಹಾಕಿದರೆ ಒಡೆಯುವ ಸಂಭವ ಹೆಚ್ಚು. ಬೆಲ್ಲದಲ್ಲಿ ಆಮ್ಲ ಮತ್ತು ಲವಣಗಳಿರುತ್ತವೆ, ಸಂಸ್ಕರಿಸದ ಕೋಕೋ ಪುಡಿಯಲ್ಲೂ ಸ್ವಲ್ಪ ಹುಳಿಯಿರುತ್ತದೆ. ಹಾಲಿನ ಕೇಸೀನ್ ಎಂಬ ಪ್ರೋಟೀನ್ ತಣ್ಣಗಿರುವಾಗ ಇಷ್ಟು ಹುಳಿಯನ್ನು ತಾಳಿಕೊಂಡರೂ ಕುದಿಯುವಾಗ ತಾಳುವುದಿಲ್ಲ. ಹಳೆಯ ಬೆಲ್ಲ ಮತ್ತು ಹುಳಿಯಾದ ಜೋನಿ ಬೆಲ್ಲದಿಂದ ಈ ತೊಂದರೆ ಇನ್ನೂ ಹೆಚ್ಚು. ಬೆಲ್ಲವನ್ನು ಬೇರೆಯಾಗಿ ನೀರಿನಲ್ಲಿ ಕರಗಿಸಿ ಸೋಸಿ, ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಆರಿಸಿದ ಪಾನೀಯಕ್ಕೆ ಬೆರೆಸಬೇಕು, ಮತ್ತೆ ಕುದಿಸಬಾರದು.

ತೆಂಗಿನ ಹಾಲಿನಲ್ಲಿ ಕೇಸೀನ್ ಇಲ್ಲ, ಆದ್ದರಿಂದ ಬೆಲ್ಲದೊಡನೆ ಅದು ಹಸುವಿನ ಹಾಲಿನಂತೆ ಒಡೆಯುವುದಿಲ್ಲ. ಕರಾವಳಿಯ ಬೆಲ್ಲದ ಪಾಯಸಗಳಿಗೆ ತೆಂಗಿನ ಹಾಲು ಹೊಂದುವುದಕ್ಕೆ ಇದೂ ಒಂದು ಕಾರಣ. ಸೋಲ್‌ಕಡಿಗಾಗಿ ಕಾಯಿಹಾಲು ಹಿಂಡುವುದು ಕಾರವಾರದ ಅಡುಗೆಮನೆಗೆ ನಿತ್ಯದ ಕೆಲಸ. ಅದೇ ಹಾಲಿನಿಂದ, ಪಾಯಸದ ಕ್ರಮವನ್ನೇ ಅನುಸರಿಸಿ, ಬಿಸಿ ಚಾಕೊಲೇಟ್ ಮಾಡಬಹುದು. ಒಂದು ಕಾಯಿಯ ತುರಿಯನ್ನು ಅರೆದು ಮೊದಲ ದಪ್ಪ ಹಾಲನ್ನು ಬೇರೆಯಿಟ್ಟು, ಅದೇ ತುರಿಯಿಂದ ನೀರು ಸೇರಿಸಿ ಎರಡನೆಯ ಹಾಲು ತೆಗೆಯಬೇಕು. ಕೋಕೋ ಹಿಟ್ಟನ್ನು ಎರಡನೆಯ ಹಾಲಿನಲ್ಲಿ ಬೆಲ್ಲ, ಏಲಕ್ಕಿಯೊಡನೆ ಕುದಿಸಿ, ಇಳಿಸುವ ಮುನ್ನ ಮೊದಲ ಹಾಲನ್ನು ಸೇರಿಸಿ ಬಿಸಿಯಾದೊಡನೆ ಇಳಿಸಬೇಕು. ದಪ್ಪ ಹಾಲನ್ನು ಹೆಚ್ಚು ಹೊತ್ತು ಕುದಿಸಿದರೆ ಎಣ್ಣೆ ಬಿಡುತ್ತದೆ. ಹಸುವಿನ ಹಾಲು ಒಗ್ಗದವರಿಗೂ ಇದು ಸೂಕ್ತ. ರುಚಿಯ ದೃಷ್ಟಿಯಿಂದಲೂ ಕರಾವಳಿಗೆ ಹೆಚ್ಚು ಒಪ್ಪುವ ರೂಪ ಇದೇ ಎನ್ನಬೇಕು.

ಪಾನೀಯ ದಪ್ಪವಾಗಿ ಬೇಕಾದರೆ ಒಂದು ಚಮಚ ಅಕ್ಕಿ ಹಿಟ್ಟು ಅಥವಾ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಬಹುದು. ಮೆಕ್ಸಿಕೋದ ‘ಚಾಂಪುರ್ರಾಡೋ’ ಎಂಬ ಪಾನೀಯಕ್ಕೆ ಹೀಗೆಯೇ ಮೆಕ್ಕೆಜೋಳದ ಹಿಟ್ಟು ಹಾಕುತ್ತಾರೆ. ರಾಗಿ ಹಾಕಿದ್ದು ಬೆಳಗಿನ ಉಪಾಹಾರಕ್ಕೆ ಸಾಲುವಷ್ಟು ಹೊಟ್ಟೆ ತುಂಬಿಸುತ್ತದೆ.

ಆರೋಗ್ಯ

ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ಉತ್ತೇಜಕವೂ ಅಲ್ಪ ಪ್ರಮಾಣದ ಕೆಫೀನೂ ಇವೆ. ಮೇಲೆ ಹೇಳಿದ ಅಳತೆಯ ಒಂದು ಲೋಟದಲ್ಲಿರುವ ಕೆಫೀನ್ ಒಂದು ಲೋಟ ಫಿಲ್ಟರ್ ಕಾಫಿಗಿಂತ ಬಹಳ ಕಡಿಮೆ. ಆದರೂ ಸಣ್ಣ ಮಕ್ಕಳಿಗೆ ಮಲಗುವ ಮುನ್ನ ಕೊಡದಿರುವುದು ಲೇಸು. ನಿಜವಾಗಿ ಗಮನಿಸಬೇಕಾದದ್ದು ಸಕ್ಕರೆ. ದಿನದ ಸೇರಿಸಿದ ಸಕ್ಕರೆಯನ್ನು 25 ಗ್ರಾಂ ಒಳಗೆ ಇಡುವುದು ವಯಸ್ಕರಿಗೆ ಹೆಚ್ಚು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಒಂದು ಲೋಟ ಬಿಸಿ ಚಾಕೊಲೇಟಿನಲ್ಲೇ ಅದರ ಅರ್ಧದಷ್ಟು ಇರುತ್ತದೆ. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ, ಮಧುಮೇಹಿಗಳಿಗೆ ಅದರಿಂದ ರಿಯಾಯಿತಿ ಇಲ್ಲ. ಸಂಬಾರ ಸೇರಿಸಿದ ಮಾತ್ರಕ್ಕೆ ಪಾನೀಯವು ಶೀತ, ಕೆಮ್ಮಿನ ಔಷಧವಾಗುವುದೂ ಇಲ್ಲ, ಬಿಸಿ ದ್ರವದಿಂದ ಗಂಟಲಿಗೆ ಹಿತವಾಗಬಹುದಷ್ಟೆ. ಥಿಯೋಬ್ರೋಮಿನ್ ನಾಯಿಗಳಿಗೆ ವಿಷ. ಉಳಿದ ಪಾನೀಯವನ್ನಾಗಲಿ ಪುಡಿಯನ್ನಾಗಲಿ ಅವುಗಳಿಗೆ ಹಾಕಬಾರದು.

ಶೇಖರಣೆ

ರಜೆಯ ದಿನಗಳಿಗಾಗಿ ಒಣ ಮಿಶ್ರಣವನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು. ಒಂದು ಅಳತೆ ಕೋಕೋ ಪುಡಿಗೆ ಒಂದು ಅಳತೆ ಪುಡಿ ಮಾಡಿದ ಸಕ್ಕರೆ, ಸ್ವಲ್ಪ ಉಪ್ಪು, ಏಲಕ್ಕಿ ಪುಡಿ ಸೇರಿಸಿ ಎರಡು ಬಾರಿ ಜರಡಿ ಹಿಡಿಯಬೇಕು. ಕರಾವಳಿಯ ಗಾಳಿಯಲ್ಲಿ ಚಳಿಗಾಲದಲ್ಲೂ ತೇವಾಂಶವಿರುವುದರಿಂದ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಒಲೆಯಿಂದ ದೂರವಿಡಬೇಕು. ಒದ್ದೆ ಚಮಚ ತಾಗಿದರೆ ಗಂಟು ಕಟ್ಟಿ ಬೂಸ್ಟು ಹಿಡಿಯುತ್ತದೆ. ಬೆಲ್ಲದ ಪುಡಿ ತೇವವನ್ನು ಬೇಗ ಎಳೆದುಕೊಳ್ಳುವುದರಿಂದ ಅದನ್ನು ಮಿಶ್ರಣದಲ್ಲಿ ಸೇರಿಸದೆ ಆಯಾ ಹೊತ್ತಿಗೇ ಕರಗಿಸಿಕೊಳ್ಳಬೇಕು. ಹಸುವಿನ ಹಾಲಿನಿಂದ ಮಾಡಿ ಉಳಿದ ಪಾನೀಯವನ್ನು ತಣ್ಣಗಾದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಗ್ಗೆ ಸಣ್ಣ ಉರಿಯಲ್ಲಿ ಕದಡುತ್ತ ಬಿಸಿ ಮಾಡಿ ಕುಡಿಯಬಹುದು. ತೆಂಗಿನ ಹಾಲಿನದು ಬೇಗ ಹಳಸುವುದರಿಂದ ಅಂದಂದೇ ಮುಗಿಸಬೇಕು.